‘ಛಲೋ ಅದ ರೀ’ ಅಂದವರು ಮತ್ತೆ ಬರ್ತಾರಾ?

ನಮ್ಮ ಕಲಬುರಗಿ ಕಡೆ ಯಾರನ್ನಾದರೂ ನಿಲ್ಲಿಸಿ ‘ನಿಮ್ಮೂರ ಸರಕಾರಿ ದವಾಖಾನಿ ಹ್ಯಾಂಗದ?’ ಅಂತ ಕೇಳಿ ನೋಡಿ. ‘ಛಲೋ ಅದ ರೀ’ ಅನ್ನುತ್ತಾರೆ. ಕೇಳುವವರ ಕೈಯಲ್ಲಿ ಪೆನ್ನು, ಕಾಗದ ಇದ್ದರಂತೂ ಅದು ‘ಭಾಳ ಛಲೋ ಅದ’ ಆಗುತ್ತದೆ. ಹೀಗೆ ಹೇಳಿದವರೇ ಮರುದಿನ ಮೊಮ್ಮಗನಿಗೆ ಜ್ವರ ಬಂದರೆ ಆ ದವಾಖಾನಿಯ ಗೇಟು ದಾಟಿಕೊಂಡು ಹೋಗಿ, ಬಸ್‌ಸ್ಟ್ಯಾಂಡಿನ ಹಿಂದಿರುವ, ಡಿಗ್ರಿಯಿಲ್ಲದ ಆರ್‌ಎಂಪಿ ಡಾಕ್ಟರ ಬಾಗಿಲಲ್ಲಿ ಕೂತಿರುತ್ತಾರೆ. ಹಾಗಂತ ಅವರು ಸುಳ್ಳು ಹೇಳಿದರು ಅನ್ನಲಾರೆ. ಹೊರಗಿನವರು ಬಂದು ಕೇಳಿದಾಗ ಊರಿನ ಯಾವುದನ್ನೂ ಕೆಟ್ಟದು ಅನ್ನಬಾರದೆಂಬುದು ಇಲ್ಲಿನ ರಿವಾಜು. ಅದರ ಹಿಂದೆ ಒಂದು ಲೆಕ್ಕಾಚಾರವೂ ಇದೆ. ನಾಳೆ ನಾಯಿ ಕಚ್ಚಿದರೆ ಸೂಜಿಗೆ ಅಲ್ಲಿಗೇ ಹೋಗಬೇಕು, ಇವತ್ತು ಬಾಯಿಬಿಟ್ಟು ಯಾಕೆ ಕೆಡಿಸಿಕೊಳ್ಳಬೇಕು?

ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಆರೋಗ್ಯ ರಕ್ಷಾ ಸಮಿತಿಯಲ್ಲಿ ನನ್ನ ಹೆಸರೂ ಸೇರಿಕೊಂಡಿದೆ. ಸಭೆಗೆ ಹೋಗಿ, ಚಹಾ ಕುಡಿದು, ಸಹಿ ಹಾಕಿ ಬರುವ ಕೆಲಸ ಅಂತ ಹಳಬರು ಮೊದಲೇ ಹೇಳಿದ್ದರು. ಬಹುತೇಕ ಹಾಗೇ ಇದೆ. ಆದರೆ ಸಭೆಯಲ್ಲಿ ಓದುವ ‘ರೋಗಿಗಳ ತೃಪ್ತಿ ಶೇಕಡಾ ಇಷ್ಟು’ ಎಂಬ ಒಂದು ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಆ ಸಂಖ್ಯೆ ಯಾವಾಗಲೂ ತೊಂಬತ್ತರ ಮೇಲೆಯೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ ರೂಢಿಯಾಗಿರುವ ನಮ್ಮಂಥ ಜಿಲ್ಲೆಯವರಿಗೆ ತೊಂಬತ್ತರ ಮೇಲಿನ ಯಾವ ಸಂಖ್ಯೆ ಕಂಡರೂ ಅನುಮಾನ.

ಆ ಸಂಖ್ಯೆ ಹುಟ್ಟುವುದು ಹೇಗೆ ಅಂತ ಕೂತು ನೋಡಿದ್ದೇನೆ. ಔಷಧಿ ಕೊಡುವ ಕಿಟಕಿಯ ಪಕ್ಕದಲ್ಲಿ ನಮೂನೆಗಳ ಒಂದು ಕಟ್ಟು ಇರುತ್ತದೆ. ಗುಳಿಗಿ ಇಸಕೊಂಡ ಹೆಂಗಸನ್ನು ಕರೆದು ‘ಯಕ್ಕಾ, ಡಾಕ್ಟ್ರು ಛಲೋ ನೋಡಿದ್ರಲ್ಲ? ಗುಳಿಗಿ ಸಿಕ್ಕಾವಲ್ಲ?’ ಅಂತ ಕೇಳುತ್ತಾರೆ. ಉತ್ತರವೂ ಪ್ರಶ್ನೆಯೊಳಗೇ ಇದೆ. ಅವಳು ತಲೆಯಾಡಿಸುತ್ತಾಳೆ, ಇವರು ಟಿಕ್ ಹಾಕುತ್ತಾರೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ‘ಮೇರಾ ಅಸ್ಪತಾಲ್’ ಅಂತ ಮೊಬೈಲ್ ಮೂಲಕ ರೋಗಿಯ ಅಭಿಪ್ರಾಯ ಕೇಳುವ ಏರ್ಪಾಡು ಶುರು ಮಾಡಿತು, ದೊಡ್ಡ ಆಸ್ಪತ್ರೆಗಳಿಂದ. ಅದು ಒಳ್ಳೆಯ ಯೋಚನೆಯೇ. ಆದರೆ ನಮ್ಮೂರ ಹೆಣ್ಣುಮಕ್ಕಳು ಚೀಟಿ ಮಾಡಿಸುವಾಗ ಬರೆಸುವ ನಂಬರು ಪುಣೆಯಲ್ಲೋ ಬೆಂಗಳೂರಲ್ಲೋ ಕಟ್ಟಡದ ಕೆಲಸಕ್ಕೆ ಹೋದ ಮಗನದ್ದು. ತಾಯಿಗೆ ದವಾಖಾನಿಯಲ್ಲಿ ಹೇಗಾಯಿತು ಅಂತ ಅವನನ್ನು ಕೇಳಿದರೆ ಅವನಾದರೂ ಏನು ಹೇಳಿಯಾನು?

ಅಮರ್ತ್ಯ ಸೆನ್ 2002ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಸಣ್ಣ ಲೇಖನ ಬರೆದಿದ್ದರು. ಕೇರಳದ ಜನ ಭಾರತದಲ್ಲೇ ಹೆಚ್ಚು ವರ್ಷ ಬದುಕುತ್ತಾರೆ, ಬಿಹಾರದವರ ಆಯಸ್ಸು ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ‘ನಿಮಗೆ ಕಾಯಿಲೆ ಇದೆಯೇ’ ಅಂತ ಕೇಳಿದರೆ ಹೆಚ್ಚು ಕಾಯಿಲೆ ಹೇಳಿಕೊಳ್ಳುವವರು ಕೇರಳದವರು, ಕಡಿಮೆ ಹೇಳಿಕೊಳ್ಳುವವರು ಬಿಹಾರದವರು. ಓದು, ಆಸ್ಪತ್ರೆ, ತಿಳುವಳಿಕೆ ಇದ್ದಲ್ಲಿ ಜನ ತಮ್ಮ ಮೈಯ ಬಗ್ಗೆ ಹೆಚ್ಚು ಕೇಳುತ್ತಾರೆ, ಹೆಚ್ಚು ದೂರುತ್ತಾರೆ. ಇಲ್ಲದಲ್ಲಿ ಮೊಣಕಾಲು ನೋವು, ಕೆಮ್ಮು, ಸುಸ್ತು ಇವೆಲ್ಲ ಬದುಕಿನ ಪಾಲಿಗೆ ಬಂದದ್ದು ಅಂತ ಸುಮ್ಮನಿರುತ್ತಾರೆ. ಇದನ್ನು ಓದಿದ ಮೇಲೆ ನಮ್ಮ ಸಮಿತಿಯ ತೊಂಬತ್ತರ ಮೇಲಿನ ಸಂಖ್ಯೆ ನನಗೆ ಬೇರೆ ಥರ ಕಾಣತೊಡಗಿತು. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ‘ಅತ್ಯಂತ ಹಿಂದುಳಿದ’ ಅಂತ ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ಅಂಥಲ್ಲಿ ಒಂದು ದವಾಖಾನಿಯ ಬಾಗಿಲು ತೆರೆದಿರುವುದೇ, ಒಳಗೊಬ್ಬರು ಡಾಕ್ಟರು ಕೂತಿರುವುದೇ ಉಪಕಾರ ಅಂತ ಎಣಿಸುವ ಮಂದಿ ಇದ್ದಾರೆ. ಕೇಳಿದ್ದೇ ಕಡಿಮೆ ಆದಾಗ ಸಿಕ್ಕಿದ್ದೆಲ್ಲ ಹೆಚ್ಚು.

ಹೆರಿಗೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಒಂದು ತಲೆಮಾರಿನ ಹಿಂದೆ ಇದನ್ನು ಯಾರೂ ಊಹಿಸಿರಲಿಲ್ಲ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಊಟ, ಮನೆಯಿಂದ ಹೋಗಿಬರುವ ವಾಹನ ಎಲ್ಲ ಉಚಿತ. ಆದರೂ ಮಗು ಹುಟ್ಟಿದ ತಕ್ಷಣ ಬಾಗಿಲಲ್ಲಿ ‘ಖುಷಿ’ ಕೇಳುವ ಪದ್ಧತಿ ಎಷ್ಟೋ ಕಡೆ ಹೋಗಿಲ್ಲ. ಗಂಡಾದರೆ ಒಂದು ರೇಟು, ಹೆಣ್ಣಾದರೆ ಒಂದು ರೇಟು. ಬಾಣಂತಿಯ ತಾಯಿಯನ್ನು ‘ರೊಕ್ಕ ಏನರ ತಗೊಂಡ್ರಾ?’ ಅಂತ ಕೇಳಿದರೆ ‘ಇಲ್ಲ ರೀ, ಪುಕ್ಕಟ ಮಾಡ್ಯಾರ’ ಅನ್ನುತ್ತಾಳೆ. ಖುಷಿ ಅವಳ ಲೆಕ್ಕದಲ್ಲಿ ಖರ್ಚೇ ಅಲ್ಲ, ಅದು ಮುಯ್ಯಿ. ಅವಳ ತೃಪ್ತಿಯನ್ನು ನಾವು ಬರೆದುಕೊಳ್ಳುತ್ತೇವೆ.

ಹಾಗಾದರೆ ಮಂದಿಯ ಮನಸ್ಸು ಗೊತ್ತಾಗುವುದು ಹೇಗೆ? ಅವರ ಕಾಲು ಎತ್ತ ಹೋಗುತ್ತದೆ ನೋಡಬೇಕು. ಅದೇ ಕುಟುಂಬ ಸಮೀಕ್ಷೆಯಲ್ಲಿ ದೇಶದ ಸುಮಾರು ಅರ್ಧದಷ್ಟು ಮನೆಗಳವರು ಕಾಯಿಲೆ ಬಿದ್ದರೆ ಸಾಮಾನ್ಯವಾಗಿ ಸರ್ಕಾರಿ ಕೇಂದ್ರಕ್ಕೆ ಹೋಗುವುದಿಲ್ಲ ಅಂದಿದ್ದಾರೆ. ಚಿಕಿತ್ಸೆ ಚೆನ್ನಾಗಿಲ್ಲ, ಕಾಯುವುದು ಬಹಳ, ಹತ್ತಿರದಲ್ಲಿಲ್ಲ, ವೇಳೆ ಹೊಂದುವುದಿಲ್ಲ, ಹೋದಾಗ ಸಿಬ್ಬಂದಿ ಇರುವುದಿಲ್ಲ ಎಂಬುವು ಅವರು ಕೊಟ್ಟ ಕಾರಣಗಳು. ಇವುಗಳಲ್ಲಿ ನಮ್ಮ ಕಡೆ ಯಾರೂ ಸರಿಯಾಗಿ ಎಣಿಸದ ಕಾರಣ ವೇಳೆಯದು.

ಬೆಳಿಗ್ಗೆ ಒಪಿಡಿ ಶುರುವಾಗುವ ಹೊತ್ತಿಗೆ ತೊಗರಿ ಹೊಲಕ್ಕೆ ಹೋಗುವ ಹೆಂಗಸು ರೊಟ್ಟಿ ಕಟ್ಟಿಕೊಂಡು ಟಂಟಂ ಹತ್ತಿರುತ್ತಾಳೆ. ಅವಳು ತಿರುಗಿ ಬರುವ ಹೊತ್ತಿಗೆ ಒಪಿಡಿ ಮುಗಿದಿರುತ್ತದೆ. ರಾಶಿಯ ದಿನಗಳಲ್ಲಿ, ಅಂದರೆ ಡಿಸೆಂಬರ್, ಜನವರಿಯಲ್ಲಿ, ಒಂದು ದಿನ ಕೂಲಿ ಬಿಡುವುದೆಂದರೆ ಆ ದಿನದ ರೊಕ್ಕ ಮಾತ್ರ ಹೋಗುವುದಿಲ್ಲ, ಆ ಗುಂಪಿನಲ್ಲಿ ಅವಳ ಜಾಗವೂ ಹೋಗುತ್ತದೆ. ಉಚಿತ ಗುಳಿಗಿಗಾಗಿ ಅವಳು ಕೊಡಬೇಕಾದ ಬೆಲೆ ಇದು. ಆರ್‌ಎಂಪಿ ಸಂಜೆ ಏಳಕ್ಕೂ ಸಿಗುತ್ತಾನೆ, ರಾತ್ರಿ ಹತ್ತಕ್ಕೂ ಬಾಗಿಲು ತೆಗೆಯುತ್ತಾನೆ, ರೊಕ್ಕ ಇಲ್ಲದಿದ್ದರೆ ‘ರಾಶಿ ಆದ ಮ್ಯಾಲ ಕೊಡು’ ಅನ್ನುತ್ತಾನೆ. ಕೈ ಹಿಡಿದು ನಾಡಿ ನೋಡುತ್ತಾನೆ, ‘ಮನಿಯಾಗ ಎಲ್ಲಾರೂ ಆರಾಮದಾರಲ್ಲ?’ ಅಂತ ಕೇಳುತ್ತಾನೆ. ಕೊಡುವ ಸೂಜಿ ಬೇಕಿತ್ತೋ ಇಲ್ಲವೋ, ಹಚ್ಚಿದ ಸಲಾಯಿನ್ ಯಾತಕ್ಕೋ ಆ ಮಾತು ಬೇರೆ. ಅವನ ಆ್ಯಂಟಿಬಯಾಟಿಕ್ಕು, ಸ್ಟೆರಾಯ್ಡುಗಳಿಂದ ಆಗುವ ಅನಾಹುತ ಸಣ್ಣದಲ್ಲ. ಓದಿದವರು ಅವನನ್ನು ಬೈಯುವುದು ನ್ಯಾಯವೇ. ಆದರೆ ಮಂದಿ ಅಜ್ಞಾನದಿಂದ ಅಲ್ಲಿ ಹೋಗುತ್ತಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಲೆಕ್ಕ ಪಕ್ಕಾ ಇದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಅನ್ನಿಸುತ್ತದೆ: ಬಿಸಿಲಿಗೆ ತಕ್ಕಂತೆ ವೇಳೆ ಬದಲಿಸಲು ಸರ್ಕಾರಕ್ಕೆ ಬರುತ್ತದೆ. ಕೂಲಿಗೆ ತಕ್ಕಂತೆ ಬದಲಿಸಬಹುದೆಂಬುದು ಮಾತ್ರ ಹೊಳೆದಿಲ್ಲ.

ಆಲ್ಬರ್ಟ್ ಹರ್ಶ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಸರಳ ಮಾತು ಹೇಳಿದ. ಒಂದು ಸಂಸ್ಥೆ ಕೆಡುತ್ತ ಬಂದಾಗ ಅದನ್ನು ಬಳಸುವವರಿಗೆ ಎರಡು ದಾರಿ ಇರುತ್ತವೆ. ಒಂದು, ಸುಮ್ಮನೆ ಬಿಟ್ಟು ಹೋಗುವುದು. ಇನ್ನೊಂದು, ನಿಂತು ದನಿ ಎತ್ತುವುದು. ಯಾವುದನ್ನು ಆರಿಸುತ್ತಾರೆ ಎಂಬುದು ಅವರಿಗಿರುವ ನಿಷ್ಠೆಯನ್ನು ಅವಲಂಬಿಸಿದೆ. ಅವನು ಕೊಟ್ಟ ಉದಾಹರಣೆ ನೈಜೀರಿಯಾದ ರೈಲ್ವೆಯದು. ಉತ್ತರದ ಶೇಂಗಾ ಬಂದರಿಗೆ ಹೋಗಲು ರೈಲಿತ್ತು. ರೈಲು ಕೆಟ್ಟಾಗ ವ್ಯಾಪಾರಿಗಳು ಲಾರಿ ಹಿಡಿದರು. ಗಲಾಟೆ ಮಾಡಬಲ್ಲವರೆಲ್ಲ ಲಾರಿಗೆ ಹೋದದ್ದರಿಂದ ರೈಲನ್ನು ಸರಿಮಾಡಿ ಅಂತ ಕೇಳುವವರೇ ಉಳಿಯಲಿಲ್ಲ. ವಾಡಿ ಜಂಕ್ಷನ್ ಇರುವ ತಾಲ್ಲೂಕಿನವನಾದ್ದರಿಂದ ರೈಲಿನ ಉದಾಹರಣೆ ನನಗೆ ಬೇಗ ತಿಳಿಯಿತೇನೋ.

ನಮ್ಮ ಕಡೆ ನಡೆದದ್ದೂ ಇದೇ. ಬೀದರ್, ಸೇಡಂ, ಚಿಂಚೋಳಿಯ ಅನುಕೂಲಸ್ಥರು ಹೈದರಾಬಾದಿಗೆ ಹೋಗುತ್ತಾರೆ. ಆಳಂದ, ಅಫಜಲಪುರದವರು ಸೊಲ್ಲಾಪುರಕ್ಕೆ. ಹೃದಯ, ಕಿಡ್ನಿಗೆ ಹೋಗುವುದು ಬೇರೆ, ಅಲ್ಲಿ ಹೋಗಲೇಬೇಕಾಗಬಹುದು. ನಾನು ಹೇಳುತ್ತಿರುವುದು ಶುಗರ್ ಚೆಕ್ ಮಾಡಿಸಲೂ ಕಾರು ಮಾಡಿಕೊಂಡು ಹೋಗುವವರ ಮಾತು. ಗುತ್ತಿಗೆದಾರರು, ಪಂಚಾಯಿತಿಯವರು, ವೈದ್ಯಕೀಯ ವೆಚ್ಚ ಮರುಪಾವತಿ ಇರುವ ನಮ್ಮಂಥ ನೌಕರರು, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಫೋನು ಮಾಡಿ ‘ಯಾಕ ಡಾಕ್ಟ್ರು ಬಂದಿಲ್ಲ?’ ಅಂತ ಕೇಳಬಲ್ಲವರೆಲ್ಲ ಊರ ದವಾಖಾನಿಯ ಸಾಲಿನಿಂದ ಎದ್ದು ಹೋಗಿದ್ದಾರೆ. ಸಾಲಿನಲ್ಲಿ ಉಳಿದವರಿಗೆ ಬೇರೆಲ್ಲೂ ಹೋಗುವ ಗತಿಯಿಲ್ಲ. ಗತಿಯಿಲ್ಲದೆ ಬರುವವರನ್ನು ನಿಷ್ಠೆಯಿಂದ ಬರುವವರು ಅಂತ ಲೆಕ್ಕ ಹಾಕಿದರೆ ರಿಜಿಸ್ಟರೇನೋ ತುಂಬುತ್ತದೆ.

ಆದರೂ ನಿಜವಾದ ನಿಷ್ಠೆ ಇಲ್ಲವೇ ಇಲ್ಲ ಅಂತಲ್ಲ. ಇದೆ, ಮತ್ತು ನೋಡಿದರೆ ಆಶ್ಚರ್ಯವಾಗುವಷ್ಟಿದೆ. ಆದರೆ ಅದು ಇರುವುದು ಕಟ್ಟಡಕ್ಕಲ್ಲ, ಬೋರ್ಡಿಗಲ್ಲ. ಬೋರ್ಡು ಎಷ್ಟೋ ಸಲ ಬದಲಾಗಿದೆ. ಉಪಕೇಂದ್ರ ಅಂತಿದ್ದದ್ದು 2018ರ ನಂತರ ಕ್ಷೇಮ ಕೇಂದ್ರವಾಯಿತು, ಆಮೇಲೆ 2023ರ ಕೊನೆಗೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತಾಯಿತು. ಮಂದಿ ಈಗಲೂ ಅದನ್ನು ಕರೆಯುವುದು ‘ಸಿಸ್ಟರ್ ಮನಿ’ ಅಂತಲೇ.

ಸಿಸ್ಟರ್ ಯಾಕೆ? ಯಾಕೆಂದರೆ ಅವಳು ಉಳಿದಿದ್ದಾಳೆ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ರಾಜ್ಯ ಸರ್ಕಾರ 2012ರಲ್ಲಿ ಕಾಯ್ದೆ ತಂದಿತು. ಅದರಿಂದ ಖಾಲಿ ಕುರ್ಚಿಗಳು ತುಂಬಿದ್ದು ಖರೆ. ನಮ್ಮಲ್ಲಿಗೆ ಬಂದ ಎಳೆಯ ಡಾಕ್ಟರುಗಳಲ್ಲಿ ಜೀವ ತೇಯ್ದು ದುಡಿದವರಿದ್ದಾರೆ. ಆದರೆ ಮಂಡ್ಯದ ಕಡೆಯಿಂದಲೋ ಮಂಗಳೂರಿನಿಂದಲೋ ಬಂದ ಹುಡುಗ ನಮ್ಮ ಮಾತು ಕಲಿತು, ಯಾರಿಗೆ ಯಾವ ಗುಳಿಗಿ ಒಗ್ಗುವುದಿಲ್ಲ ಅಂತ ತಿಳಿದುಕೊಂಡು, ಯಾವ ಮುತ್ಯಾ ಕುಡಿತ ಬಿಟ್ಟೆ ಅಂತ ಸುಳ್ಳು ಹೇಳುತ್ತಾನೆ ಅಂತ ಗುರುತಿಸುವ ಹೊತ್ತಿಗೆ ಅವನ ಒಂದು ವರ್ಷ ಮುಗಿಯುತ್ತದೆ. ಮುಂದಿನವರ ಎದುರು ಮುತ್ಯಾ ಮತ್ತೆ ಮೊದಲಿನಿಂದ ಸುಳ್ಳು ಶುರು ಮಾಡುತ್ತಾನೆ.

ಒಬ್ಬರೇ ವೈದ್ಯರ ಬಳಿ ಬಹುಕಾಲ ಹೋಗುವುದು ಬರೀ ಭಾವನೆಯ ಮಾತಲ್ಲ, ಆಯಸ್ಸಿನ ಮಾತು. ನಾರ್ವೆಯಲ್ಲಿ 2001ರಿಂದ ಪ್ರತಿಯೊಬ್ಬರಿಗೂ ಹೆಸರು ಹಿಡಿದು ಒಬ್ಬ ಕುಟುಂಬ ವೈದ್ಯ ಇರುವ ಪದ್ಧತಿ ಇದೆ. ಅಲ್ಲಿ ಲಕ್ಷಾಂತರ ಜನರ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಬ್ಬರೇ ವೈದ್ಯರೊಂದಿಗೆ 15 ವರ್ಷಕ್ಕೂ ಮೇಲ್ಪಟ್ಟು ಇದ್ದವರಲ್ಲಿ, ಒಂದೇ ವರ್ಷದ ಪರಿಚಯ ಇದ್ದವರಿಗಿಂತ, ಸಾವಿನ ಸಂಭವ ಸುಮಾರು ಕಾಲುಭಾಗ ಕಡಿಮೆ ಇತ್ತು. ತುರ್ತಾಗಿ ಆಸ್ಪತ್ರೆ ಸೇರುವುದೂ ಅಷ್ಟೇ ಕಡಿಮೆ. ಅದಕ್ಕೂ ಮೊದಲು 2018ರಲ್ಲಿ ಬೇರೆ ಬೇರೆ ದೇಶಗಳ 22 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ 18ರಲ್ಲಿ ಇದೇ ದಿಕ್ಕಿನ ಫಲ ಕಂಡಿತ್ತು. ನಾರ್ವೆಗೂ ನಮಗೂ ಎಲ್ಲಿಯ ಹೋಲಿಕೆ ಅನ್ನಬಹುದು. ರೊಕ್ಕದಲ್ಲಿ ಇಲ್ಲ. ಆದರೆ ಗುರುತಿನವರ ಮುಂದೆ ಮನುಷ್ಯ ಬಾಯಿಬಿಡುತ್ತಾನೆ ಎಂಬುದು ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಆ ಬಾಯಿಬಿಡುವುದು ಅಂದರೇನು ಅಂತ ಒಂದು ಸಲ ಉಪಕೇಂದ್ರದ ಕಟ್ಟೆಯ ಮೇಲೆ ಕೂತು ನೋಡಿದೆ. ಶಾಲೆಯ ಹುಡುಗಿಯರಿಗೆ ಕಬ್ಬಿಣಾಂಶದ ಗುಳಿಗಿ ತರಲು ಹೋಗಿದ್ದೆ. ಒಬ್ಬ ಆಯಿ ಬಿಪಿ ತೋರಿಸಲು ಬಂದಿದ್ದಳು. ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಮುಖ ಗಂಟಿಕ್ಕಿತು.

‘ಆಯಿ, ಗುಳಿಗಿ ನುಂಗ್ಲತ್ತೀಯಾ?’

‘ನುಂಗ್ಲತ್ತೀನಿ ಯವ್ವಾ.’

‘ಎಲ್ಲಿ ಅವ, ತೋರ್ಸು.’

ಆಯಿ ಸೊಂಟದಿಂದ ಎಲಿ ಅಡಕಿಯ ಚಂಚಿ ತೆಗೆದು, ಅದರ ಒಳಗಿನ ಇನ್ನೊಂದು ಖಾನೆಯಿಂದ ಗುಳಿಗಿಯ ಪಟ್ಟಿಗಳನ್ನು ಎಳೆದು ಕಟ್ಟೆಯ ಮೇಲಿಟ್ಟಳು. ಸುಣ್ಣದ ಪುಡಿ ಹತ್ತಿತ್ತು. ಒಂದು ಪಟ್ಟಿ ಖಾಲಿ. ಉಳಿದವುಗಳಲ್ಲಿ ಒಂದು ಗುಳಿಗಿಯೂ ಒಡೆದಿಲ್ಲ.

‘ಇವ್ಯಾಕ ಹಂಗೇ ಉಳದಾವ?’

‘ಅವು ನನ್ನವಲ್ಲ. ನನ್ನವು ಕೆಂಪು ಪಟ್ಟಿನವು ಇದ್ದವು. ಇವು ಯಾರವೋ ಕೊಟ್ಟಾರ. ಮಂದಿ ಗುಳಿಗಿ ನುಂಗಿ ಸಾಯ್ಲೇನು?’

ಸರ್ಕಾರಿ ಔಷಧಿ ಟೆಂಡರಿನಲ್ಲಿ ಬರುತ್ತದೆ. ಕಂಪನಿ ಬದಲಾದರೆ ಪಟ್ಟಿಯ ಬಣ್ಣವೂ ಬದಲಾಗುತ್ತದೆ. ಒಳಗಿರುವುದು ಅದೇ ಔಷಧಿ, ಅದೇ ಪ್ರಮಾಣ. ಓದಲು ಬಾರದ ಆಯಿಗೆ ಬಣ್ಣವೇ ಹೆಸರು. ಬಣ್ಣ ಬದಲಾದ ದಿನದಿಂದ ಅವಳು ಗುಳಿಗಿ ಬಿಟ್ಟಿದ್ದಳು, ಆದರೆ ತಿಂಗಳು ತಿಂಗಳು ತಪ್ಪದೆ ಬಂದು ಇಸಕೊಂಡು ಹೋಗಿ ಚಂಚಿಯಲ್ಲಿ ಜೋಪಾನ ಮಾಡಿದ್ದಳು. ಕೊಟ್ಟದ್ದನ್ನು ಬೇಡ ಅನ್ನುವುದು ಮರ್ಯಾದೆಯಲ್ಲವಲ್ಲ. ರಿಜಿಸ್ಟರಿನ ಪ್ರಕಾರ ಆಕೆ ಎಲ್ಲ ರೀತಿಯಿಂದಲೂ ಮಾದರಿ ರೋಗಿ: ಹಾಜರಿ ಪೂರ್ತಿ, ತೃಪ್ತಿ ಪೂರ್ತಿ. ಬಿಪಿ ಮಾತ್ರ ಏರುತ್ತ ಹೋಗಿತ್ತು. ಪಿಎಚ್‌ಸಿಯಲ್ಲಿ ಯಾರಾದರೂ ಅದನ್ನು ನೋಡಿ ಗುಳಿಗಿಯ ಪ್ರಮಾಣ ಹೆಚ್ಚಿಸಿದ್ದರೆ ಚಂಚಿ ಇನ್ನಷ್ಟು ದಪ್ಪ ಆಗುತ್ತಿತ್ತು, ಅಷ್ಟೇ.

ಸಿಸ್ಟರ್ ಬೈಯಲಿಲ್ಲ. ಉಪದೇಶವನ್ನೂ ಮಾಡಲಿಲ್ಲ. ರಿಜಿಸ್ಟರಿಗೆ ಬಳಸುವ ಕೆಂಪು ಪೆನ್ನು ತೆಗೆದು ಹೊಸ ಪಟ್ಟಿಗಳ ಬೆನ್ನಿಗೆ ಉದ್ದಕ್ಕೂ ಗೀರಿದಳು. ‘ಇನ್ ಮ್ಯಾಲ ನಾ ಗೀರಿ ಕೊಟ್ಟಿದ್ದು ನಿನ್ನವು. ಬ್ಯಾರೆ ಯಾರರ ಕೊಟ್ರ ತಂದು ನನಗ ತೋರ್ಸು’ ಅಂದಳು. ಆಯಿ ಪಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿ, ‘ಹಾಂ, ಇವು ನನ್ನವು’ ಅಂತ ಚಂಚಿಗೆ ಹಾಕಿಕೊಂಡಳು.

ರೋಗಿಯ ಪಾಲುಗೊಳ್ಳುವಿಕೆ ಅಂತ ತರಬೇತಿಗಳಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ, ಬಾಣಗಳು, ವೃತ್ತಗಳು ಎಲ್ಲ ಇರುತ್ತವೆ. ನನಗೆ ಆ ಕಟ್ಟೆಯ ಮೇಲೆ ಕಂಡದ್ದೇ ಸಾಕು. ತನ್ನ ಔಷಧಿಯನ್ನು ಗುರುತಿಸಲು ಆಯಿಗೆ ಅವಳದೇ ಒಂದು ಪದ್ಧತಿ ಇತ್ತು. ಸಿಸ್ಟರ್ ಅದನ್ನು ಕೇಳಿ ತಿಳಿದು, ಆ ಪದ್ಧತಿಯೊಳಗೇ ಔಷಧಿ ಕೊಟ್ಟಳು. ಇದಕ್ಕೆ ಹಿಡಿದದ್ದು ಐದಾರು ನಿಮಿಷ ಇರಬಹುದು.

ಆದರೆ ಆ ಐದಾರು ನಿಮಿಷವೇ ದುಬಾರಿ. 67 ದೇಶಗಳ ಮಾಹಿತಿ ಕೂಡಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಜಗತ್ತಿನ ಅರ್ಧದಷ್ಟು ಜನ ಇರುವ ದೇಶಗಳಲ್ಲಿ ಅದು 5 ನಿಮಿಷ ಅಥವಾ ಅದಕ್ಕೂ ಕಡಿಮೆ. ಸಮಯ ಇದ್ದರೂ ಕೇಳುತ್ತಾರೆ ಅಂತಿಲ್ಲ. ಅಮೆರಿಕದಲ್ಲಿ 1984ರಷ್ಟು ಹಿಂದೆಯೇ ಎಣಿಸಿ ನೋಡಿದ್ದರು: ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ನಮ್ಮ ಮಂದಿ ಕಾಯಿಲೆ ಹೇಳುವ ರೀತಿಗೆ 18 ಸೆಕೆಂಡು ಪೀಠಿಕೆಗೂ ಸಾಲದು. ‘ಮೊನ್ನಿ ಅಮಾಸಿಗಿ ತಂಗಿ ಊರಿಗಿ ಹೋಗಿದ್ನ್ಯಾ’ ಎಂಬಲ್ಲಿಂದ ಶುರುವಾಗಿ ಹೊಟ್ಟೆನೋವಿಗೆ ಬರಲು ಸ್ವಲ್ಪ ಹೊತ್ತು ಬೇಕು. ಎಷ್ಟೋ ಸಲ ರೋಗದ ಮೂಲ ಆ ತಂಗಿಯ ಊರಲ್ಲೇ ಇರುತ್ತದೆ. ಚಿಂಚೋಳಿ ಕಡೆಯ ತಾಂಡಾಗಳಲ್ಲಂತೂ ಲಂಬಾಣಿ ಮಾತಾಡುವ ಅಜ್ಜಿಗೆ ಶಾಲೆಗೆ ಹೋಗುವ ಮೊಮ್ಮಗನೇ ದುಭಾಷಿ. ಹೆಣ್ಣಿನ ಕಾಯಿಲೆಯನ್ನು ಅಜ್ಜಿ ಹನ್ನೆರಡರ ಹುಡುಗನ ಬಾಯಿಂದ ಡಾಕ್ಟರಿಗೆ ಹೇಗೆ ಹೇಳಿಸುತ್ತಾಳೆ? ಹೇಳಿಸುವುದಿಲ್ಲ. ‘ಮೈ ಕೈ ನೋವು’ ಅಂತ ಹೇಳಿ ಬರುತ್ತಾಳೆ.

ಇನ್ನು ಸಮಿತಿಯ ಮಾತಿಗೆ ಬರುತ್ತೇನೆ. 1978ರ ಸೆಪ್ಟೆಂಬರಿನಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯದ ಬಗ್ಗೆ ಹೊರಟ ಘೋಷಣೆಯಲ್ಲಿ, ತಮ್ಮ ಆರೋಗ್ಯ ಸೇವೆಯ ಯೋಜನೆಯಲ್ಲೂ ಅನುಷ್ಠಾನದಲ್ಲೂ ಭಾಗವಹಿಸುವುದು ಜನರ ಹಕ್ಕು ಮತ್ತು ಕರ್ತವ್ಯ ಅಂತ ಬರೆದಿದೆ. ನಮ್ಮಲ್ಲಿ ಅದು ಕಾಗದದ ಮೇಲೆ ಇಳಿದದ್ದು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ. ಆಶಾ ಬಂದಳು, ಊರಿಗೊಂದು ಆರೋಗ್ಯ ನೈರ್ಮಲ್ಯ ಸಮಿತಿ ಬಂತು, ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಬಂತು, ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಬಂತು. 2007ರ ಹೊತ್ತಿಗೆ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಸಮುದಾಯವೇ ಆರೋಗ್ಯ ಸೇವೆಗೆ ಅಂಕ ಕೊಡುವ ಪ್ರಯೋಗ ನಡೆಯಿತು. ಊರವರು ಕೂತು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ವರದಿ ಕಾರ್ಡು ತುಂಬುತ್ತಿದ್ದರು, ಆಮೇಲೆ ಅಧಿಕಾರಿಗಳ ಎದುರು ಜನಸಂವಾದ. ಅಕ್ಷರ ಬಾರದವರೂ ಕೆಂಪು ತೋರಿಸಿ ‘ಇದು ಯಾಕ ಹಿಂಗ?’ ಅಂತ ಕೇಳಬಹುದಿತ್ತು. ಅದನ್ನು ಎಲ್ಲ ಕಡೆ ಗಟ್ಟಿಯಾಗಿ ಬೇರೂರಿಸಿದ್ದರೆ ಇವತ್ತು ಔಷಧಿ ಕಿಟಕಿಯ ಪಕ್ಕದ ಆ ನಮೂನೆಯ ಕಟ್ಟು ಬೇಕಾಗುತ್ತಿರಲಿಲ್ಲ ಅನ್ನಿಸುತ್ತದೆ.

ನಮ್ಮ ಸಭೆಗಳಲ್ಲಿ ಚರ್ಚೆಯಾಗುವುದು ಇನ್ವರ್ಟರ್ ಬ್ಯಾಟರಿ, ನೀರಿನ ಟ್ಯಾಂಕು, ಸುಣ್ಣ ಬಣ್ಣ, ಮತ್ತು ಎಂದೂ ಮುಗಿಯದ ಕಾಂಪೌಂಡ್ ಗೋಡೆ. ಆರೋಗ್ಯ ಸೇವೆಯ ಗುಣಮಟ್ಟವನ್ನು ಅಳೆಯುವುದು ಹೇಗೆ ಅಂತ 1966ರಲ್ಲೇ ಬರೆದ ಅವೆಡಿಸ್ ಡೊನಾಬೆಡಿಯನ್ ಮೂರು ಕಡೆ ನೋಡಿ ಅಂದಿದ್ದ: ಏನೇನು ಇದೆ, ಏನು ನಡೆಯುತ್ತದೆ, ಕೊನೆಗೆ ಏನಾಯಿತು. ನಾವು ಮೊದಲನೆಯದರಲ್ಲೇ ಸಭೆ ಮುಗಿಸುತ್ತೇವೆ. ಗೋಡೆಗೆ ಬಿಲ್ಲು ಇರುತ್ತದೆ, ಫೋಟೋ ಇರುತ್ತದೆ. ಆಯಿಯ ಚಂಚಿಯ ಫೋಟೋ ಯಾರು ತೆಗೆಯುತ್ತಾರೆ?

ಒಂದು ಸಭೆ ಮಾತ್ರ ಬೇರೆ ಥರ ಆಯಿತು. ಮಹಿಳಾ ಸಂಘದಿಂದ ಬಂದಿದ್ದ ಒಬ್ಬ ಹೆಣ್ಣುಮಗಳು, ಯಾವಾಗಲೂ ಗೋಡೆಗೆ ಆತು ಕೂತು ಒಂದು ಮಾತೂ ಆಡದಾಕೆ, ಏಳುವ ಹೊತ್ತಿಗೆ ಕೇಳಿದಳು: ‘ಬಿಪಿ ಶುಗರ್ ನೋಡೋದು ಬುಧವಾರ ಇಟ್ಟೀರಿ. ಸಂತಿ ಸೋಮವಾರ ಅದ. ಸಂತಿಗಿ ಹ್ಯಾಂಗೂ ನಾವೆಲ್ಲಾ ಬರ್ತೀವಿ, ಅವತ್ತ್ ಕೂಲಿಗೂ ಹೋಗಂಗಿಲ್ಲ. ಸೋಮವಾರ ಇಟ್ರ ನಿಮಗೇನ್ ತ್ರಾಸ ಅದ ರೀ?’ ಡಾಕ್ಟರಮ್ಮ ಒಂದು ಕ್ಷಣ ನೋಡಿ, ‘ಏನೂ ಇಲ್ಲವ್ವ’ ಅಂದರು. ಅಷ್ಟೇ. ಒಂದು ರೂಪಾಯಿ ಖರ್ಚಿಲ್ಲ, ಮೇಲಿನವರ ಅನುಮತಿ ಬೇಕಿಲ್ಲ. ಮುಂದಿನ ತಿಂಗಳಿಂದ ಸೋಮವಾರ ದವಾಖಾನಿಯ ಬೇವಿನ ಮರದ ಕೆಳಗೆ ಸಂತೆಯ ಚೀಲಗಳ ಸಾಲು. ಆರ್‌ಎಂಪಿಯ ಹತ್ತಿರ ಗುಳಿಗಿ ಕೊಳ್ಳುತ್ತಿದ್ದ ಕೆಲವರೂ ಆ ಸಾಲಿಗೆ ಬಂದು ಕೂತರು. ಇಷ್ಟು ವರ್ಷ ಇದು ಯಾಕೆ ಯಾರಿಗೂ ಹೊಳೆಯಲಿಲ್ಲ? ಹೊಳೆಯಬೇಕಾದವರು ಸಂತೆಗೆ ನಡೆದು ಹೋಗುವವರಲ್ಲ, ಅದಕ್ಕೆ.

ಆ ಡಾಕ್ಟರಮ್ಮನ ವರ್ಷ ಮುಗಿಯಿತು. ಹೊಸಬರು ಬಂದರು, ಬುಧವಾರದ ಹಳೆಯ ಆದೇಶದ ಪ್ರತಿ ಗೋಡೆಯ ಮೇಲೆ ಇನ್ನೂ ಇತ್ತು, ಬುಧವಾರವೇ ಮತ್ತೆ ಬಂತು. ಸಂಘದಾಕೆ ಮುಂದಿನ ಸಭೆಗೆ ಬರಲಿಲ್ಲ. ದೂರು ಹೇಳಲಿಲ್ಲ, ಜಗಳ ಆಡಲಿಲ್ಲ. ಯಾರಾದರೂ ನಮೂನೆ ಹಿಡಿದು ಕೇಳಿದ್ದರೆ ‘ಛಲೋ ಅದ ರೀ’ ಅಂದಿರುತ್ತಿದ್ದಳು.

ಹೊಸ ಡಾಕ್ಟರು ಕೆಟ್ಟವರಲ್ಲ. ಕೇಳಿದ್ದಕ್ಕೆ ಸೋಮವಾರ ಮತ್ತೆ ಮಾಡಿದರು. ಆ ಸಂದರ್ಭದಲ್ಲೇ ನಾನು ಇನ್ನೊಂದು ಮಾತು ತೆಗೆದೆ. ತೃಪ್ತಿಯ ನಮೂನೆ ತುಂಬಿಸುವುದು ಬಿಡೋಣ, ಅಥವಾ ಬೇಕಾದರೆ ಅದೂ ಇರಲಿ. ಬಿಪಿ ರಿಜಿಸ್ಟರಿನಲ್ಲಿ ಯುಗಾದಿಗೆ ಹೆಸರು ಬರೆಸಿದವರಲ್ಲಿ ದಸರೆಗೆ ಎಷ್ಟು ಮಂದಿ ಇನ್ನೂ ಬರುತ್ತಿದ್ದಾರೆ ಅಂತ ಎಣಿಸೋಣ. ಬರದವರ ಮನೆಗೆ ಹೋಗಿ ಯಾಕೆ ಅಂತ ಕೇಳೋಣ. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಹ್ಯಾಂಗದ ಅಂತ ಕೇಳಿದರೆ ಒಂದೇ ಉತ್ತರ ಬರುತ್ತದೆ. ಹೇಳಬೇಕಾದದ್ದು ಇರುವುದು ಬಿಟ್ಟು ಹೋದವರ ಹತ್ತಿರ.

ಡಾಕ್ಟರು ನಕ್ಕರು. ‘ಸರ್, 30,000 ಜನಸಂಖ್ಯೆಗೆ ಒಂದು ಪಿಎಚ್‌ಸಿ ಅಂತ ಲೆಕ್ಕ. ನಮ್ಮದು ಅದಕ್ಕಿಂತ ಹೆಚ್ಚಿದೆ. ಬಂದವರನ್ನು ನೋಡೋದೇ ಆಗ್ತಿಲ್ಲ, ಬರದವರನ್ನ ಎಲ್ಲಿ ಹುಡುಕಲಿ?’ ಅಂದರು. ಅವರ ಮಾತಿನಲ್ಲಿ ತೂಕ ಇದೆ. ಲ್ಯಾಬ್ ಟೆಕ್ನಿಷಿಯನ್ ಬೇರೆ ಕಡೆಯಿಂದ ಎರವಲು ಬಂದವರು, ಆನ್‌ಲೈನ್ ನಮೂದು ಮಾಡುವುದಕ್ಕೇ ಅರ್ಧ ಮಧ್ಯಾಹ್ನ ಹೋಗುತ್ತದೆ. ರೋಗಿಯನ್ನು ಕೇಳಿಸಿಕೊಳ್ಳಿ ಅಂತ ಬರೆಯುವ ನಮ್ಮಂಥವರು ಆ ಕುರ್ಚಿಯಲ್ಲಿ ಒಂದು ಸೋಮವಾರ ಕೂತು ನೋಡಬೇಕು.

ಅಷ್ಟರಲ್ಲಿ ಮೂಲೆಯಿಂದ ಆಶಾ ಕಾರ್ಯಕರ್ತೆ ಮಾತಾಡಿದಳು. ಗೌರವಧನ ತಿಂಗಳಿಗೆ 15,000 ರೂಪಾಯಿ ಆಗಲಿ ಅಂತ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಕೂತು ಬಂದವರಲ್ಲಿ ಅವಳೂ ಒಬ್ಬಳು, ಹಾಗಾಗಿ ಸಭೆ ಅಂದರೆ ಅವಳಿಗೆ ಅಂಜಿಕೆ ಹೋಗಿದೆ. ‘ನಾ ಹೋಗ್ತೀನ್ರಿ ಸರ. ಯಾರ್ ಬಿಟ್ಟಾರ ನನಗ ಗೊತ್ತದ. ಯಾಕ ಬಿಟ್ಟಾರ ಅಂತ ಬರ್ಕೊಂಡೂ ಬರ್ತೀನಿ. ಆದ್ರ ಬರ್ಕೊಂಡು ಬಂದಿದ್ದು ಯಾರ್ ಓದ್ತೀರಿ, ಅದು ಮೊದಲ ಹೇಳ್ರಿ.’

ಯಾರೂ ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ಡಾಕ್ಟರು ನಡವಳಿ ಪುಸ್ತಕ ಎಳೆದುಕೊಂಡು, ಅವಳು ತರುವ ಪಟ್ಟಿಯನ್ನು ಮುಂದಿನ ಸಭೆಯಲ್ಲಿ ಎಲ್ಲಕ್ಕಿಂತ ಮೊದಲು ಓದತಕ್ಕದ್ದು ಅಂತ ಬರೆದರು. ಎರಡನೆಯ ವಿಷಯ ಕಾಂಪೌಂಡ್ ಗೋಡೆ.